ತಂತಿಯಡಿಯ ನೆಲ

ರಾಜ್ಯಗಳ ಗಡಿ ದಾಟುವ ಅನಿಲದ ಕೊಳವೆಗೆ 1962ರ ಕಾಯ್ದೆಯಿದೆ. ಪ್ರಕಟಣೆಯಾದ ಮೇಲೆ ಲಿಖಿತ ಆಕ್ಷೇಪಣೆಗೆ ರೈತನಿಗೆ 21 ದಿನಗಳ ಕಾಲಾವಕಾಶವುಂಟು. ವಿದ್ಯುತ್ ತಂತಿಯ ಮಾತೇ ಬೇರೆ. 2003ರ ವಿದ್ಯುಚ್ಛಕ್ತಿ ಕಾಯ್ದೆಯ 164ನೆಯ ಕಲಮಿನಂತೆ, ಸರ್ಕಾರವು ಆದೇಶ ಹೊರಡಿಸಿ, 1885ರ ಟೆಲಿಗ್ರಾಫ್ ಕಾಯ್ದೆಯ ಅಧಿಕಾರವನ್ನೇ ಸಂಸ್ಥೆಗೆ ವಹಿಸಬಹುದು. ಬ್ರಿಟಿಷರು ಅದನ್ನು ಬರೆದದ್ದು ತಂತಿಸುದ್ದಿಯ ಕಂಬಗಳಿಗೆ. 46 ಮೀಟರ್ ಅಗಲದ ಪಟ್ಟಿ ಬೇಡುವ 400 ಕಿಲೋವೋಲ್ಟ್ ಮಾರ್ಗಕ್ಕಲ್ಲ! ಮೈಸೂರು–ಕೋಳಿಕ್ಕೋಡ್ ಮಾರ್ಗಕ್ಕಾಗಿ ಕೊಡಗಿನ ಮರಗಳು ಉರುಳಿದವು. ನೆಲದ ಒಡೆತನವೇನೋ ರೈತನಲ್ಲೇ ಉಳಿಯುತ್ತದೆ; ಆದರೆ ತಂತಿಯಡಿ ಎತ್ತರದ ಮರ ಬೆಳೆಸುವಂತಿಲ್ಲ. ನೆರಳಿಲ್ಲದೆ ಕಾಫಿಯೆಲ್ಲಿ?

ರೈತನು ತಡೆದರೆ, ಸಂಸ್ಥೆಯು ಜಿಲ್ಲಾ ದಂಡಾಧಿಕಾರಿಗಳ ಆದೇಶ ತರಬೇಕು. ಪರಿಹಾರ ಸಾಲದೆಂದರೆ ಜಿಲ್ಲಾ ನ್ಯಾಯಾಧೀಶರಲ್ಲಿ ಅರ್ಜಿ ಸಲ್ಲಿಸಬಹುದು. ಅಲ್ಲಿ ಪುರಾವೆ ಬೇಕು. ಆದ್ದರಿಂದ ಕೊಡಲಿ ಬೀಳುವ ಮೊದಲೇ ಮರಗಳನ್ನು ಜಾತಿವಾರು ಎಣಿಸಿ, ಮಹಜರಿನ ಪ್ರತಿಯನ್ನು ಪಡೆದಿಟ್ಟುಕೊಳ್ಳಿ.