ಕಂಪನಿಯ ನಿರಾಕರಣೆ ಕೊನೆಯ ಮಾತಲ್ಲ

(ಹೊಳೆನರಸೀಪುರದಲ್ಲಿ ಹಾಸನ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಕಾರ್ಯಕರ್ತರ ಮುಂದೆ ಮಾಡಿದ ಭಾಷಣ)



2025ರ ಮೇ-ಜೂನ್ ತಿಂಗಳುಗಳಲ್ಲಿ ನಮ್ಮ ಜಿಲ್ಲೆಯ ಹೆಸರು ದೇಶದ ಪತ್ರಿಕೆಗಳಲ್ಲೆಲ್ಲ ಬಂದಿತು. ಕಾರಣ ಸಂತೋಷದ್ದಲ್ಲ, ಹೃದಯಾಘಾತದ ಸಾವುಗಳು. ತಪಾಸಣೆಗಾಗಿ ಜನ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಸಾಲುಗಟ್ಟಿ ನಿಂತರು. ಸಾವಿನ ಸಂಖ್ಯೆ ಅಸಾಧಾರಣವಾಗಿ ಏರಿಲ್ಲವೆಂದು ಸರ್ಕಾರ ನೇಮಿಸಿದ ತಜ್ಞರ ಸಮಿತಿ ಆಮೇಲೆ ಹೇಳಿತು. ಆ ಭಯ ಇಳಿಯಿತು. ಅದರ ಹಿಂದಿನ ಇನ್ನೊಂದು ಭಯ ಇಳಿದಿಲ್ಲ. ಆಸ್ಪತ್ರೆಗೆ ಸೇರಿದರೆ ಬಿಲ್ಲು ಕಟ್ಟುವವರು ಯಾರು?

ಯಶಸ್ವಿನಿ, ಆಯುಷ್ಮಾನ್ ಯೋಜನೆಗಳ ಮಾತು ಬೇರೆ. ಇಂದು ನಾನು ಹೇಳುವುದು ವರ್ಷ ವರ್ಷ ಕಂತು ಕಟ್ಟಿ ಕಂಪನಿಯಿಂದ ಪಾಲಿಸಿ ಪಡೆದವರ ವಿಚಾರ. ತೆಂಗು ಮಾರಿ, ಆಲೂಗಡ್ಡೆ ಮಾರಿ ಕಂತು ಕಟ್ಟುತ್ತಾರೆ. ಕಾಯಿಲೆ ಬಂದಾಗ ಕಂಪನಿಯಿಂದ ಒಂದು ಕಾಗದ ಬರುತ್ತದೆ: "ನಿಮಗೆ ಮೊದಲೇ ಕಾಯಿಲೆಯಿತ್ತು, ಮುಚ್ಚಿಟ್ಟಿದ್ದೀರಿ, ಹಣ ಕೊಡುವುದಿಲ್ಲ." ಅಷ್ಟಕ್ಕೇ ಮನೆಯವರು ಕೈಚೆಲ್ಲಿ ಜಮೀನು ಒತ್ತೆಯಿಡುತ್ತಾರೆ.

ಈ ಆರೋಪ ಹುಟ್ಟುವುದೆಲ್ಲಿ? ಎಷ್ಟೋ ಸಲ ಆಸ್ಪತ್ರೆಯ ಬಾಗಿಲಲ್ಲೇ. ರೋಗಿಯನ್ನು ಒಳಗೆ ಕರೆದೊಯ್ಯುವಾಗ "ಬಿ.ಪಿ. ಎಷ್ಟು ವರ್ಷದಿಂದ?" ಎಂದು ಕೇಳುತ್ತಾರೆ. ಗಾಬರಿಯಲ್ಲಿರುವ ಮಗ "ಐದಾರು ವರ್ಷ ಇರಬಹುದು" ಎನ್ನುತ್ತಾನೆ. ಆ ಅಂದಾಜಿನ ಮಾತು ಕೇಸ್ ಶೀಟಿನಲ್ಲಿ ದಾಖಲಾಗುತ್ತದೆ. ಕಂಪನಿಯ ಕೈಗೆ ಅದೇ ಆಯುಧ. ಆದ್ದರಿಂದ ತಿಳಿದದ್ದನ್ನೇ ಹೇಳಿ, ಊಹಿಸಿ ಹೇಳಬೇಡಿ. ತಪ್ಪು ದಾಖಲಾಗಿದ್ದರೆ ಚಿಕಿತ್ಸೆ ಕೊಟ್ಟ ವೈದ್ಯರಿಂದ ಪತ್ರ ಬರೆಸಿಕೊಳ್ಳಿ. ಪಾಲಿಸಿ ಕೊಳ್ಳುವಾಗಲೂ ಅಷ್ಟೇ. ಏಜೆಂಟರು ತುಂಬಿದ ಅರ್ಜಿಯನ್ನು ಓದಿಸಿ ಕೇಳಿ, ಇರುವ ಕಾಯಿಲೆಯನ್ನು ಬರೆಸಿ, ಆಮೇಲೆ ರುಜು ಹಾಕಿ.

ಹೀಗೆ ಬರೆಸಿದವರನ್ನು ಕಾನೂನು ಕಾಯುತ್ತದೆ. ಸಕ್ಕರೆ ಕಾಯಿಲೆ ಇದೆಯೆಂದು ತಿಳಿಸಿಯೇ ಪಾಲಿಸಿ ಪಡೆದಿದ್ದ ಒಬ್ಬರಿಗೆ 2009ರಲ್ಲಿ ಅಮೆರಿಕದಲ್ಲಿ ಹೃದಯಾಘಾತವಾಯಿತು. ಕಂಪನಿ ಹಣ ಕೊಡಲಿಲ್ಲ. ರಾಷ್ಟ್ರೀಯ ಗ್ರಾಹಕ ಆಯೋಗದಲ್ಲೂ ಅವರು ಸೋತರು. ಆದರೂ ಬಿಡಲಿಲ್ಲ. 2021ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಅವರ ಪರ ತೀರ್ಪಿತ್ತಿತು. ತೀರ್ಪು ಬರೆದವರು ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ. ಆರೋಗ್ಯಸ್ಥಿತಿಯನ್ನು ತೂಗಿ ನೋಡಿ ಪಾಲಿಸಿ ಕೊಟ್ಟ ಮೇಲೆ, ತಿಳಿಸಿದ ಅದೇ ಕಾಯಿಲೆಯ ನೆಪದಲ್ಲಿ ಕಂಪನಿ ಹಿಂದೆಗೆಯುವಂತಿಲ್ಲ ಎಂಬುದು ಅದರ ಸಾರ.

ವಿಮಾ ನಿಯಂತ್ರಣ ಪ್ರಾಧಿಕಾರದ 2024ರ ನಿಯಮಗಳನ್ನೂ ನೆನಪಿಡಿ. ಹಳೆಯ ಕಾಯಿಲೆಗೆ ಕಾಯಿಸುವ ಅವಧಿ 36 ತಿಂಗಳು ಮೀರುವಂತಿಲ್ಲ. 60 ತಿಂಗಳು ಬಿಡದೆ ಕಂತು ಕಟ್ಟಿದವರ ಮೇಲೆ, ವಂಚನೆ ರುಜುವಾತಾದ ಹೊರತು, ಮುಚ್ಚಿಟ್ಟಿರೆಂಬ ಆರೋಪ ನಿಲ್ಲದು. ನಿರಾಕರಿಸುವಾಗ ಪಾಲಿಸಿಯ ಯಾವ ಷರತ್ತಿನಂತೆ ಎಂದು ಕಂಪನಿ ತಿಳಿಸಲೇಬೇಕು.

ಹಾಗಾದರೆ ಮಾಡಬೇಕಾದುದೇನು? ನಿರಾಕರಣೆಯ ಕಾಗದ, ಪಾಲಿಸಿ, ಬಿಲ್ಲುಗಳು, ಡಿಸ್ಚಾರ್ಜ್ ಪತ್ರ, ಇವಿಷ್ಟನ್ನೂ ಒಂದೆಡೆ ಕೂಡಿಸಿಡಿ. ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ಗೆ ದೂರು ಕೊಡಿ. ಅದಕ್ಕೆ ಒಂದು ವರ್ಷದ ಗಡುವು. 50 ಲಕ್ಷ ರೂಪಾಯಿವರೆಗಿನ ದಾವೆ ಅಲ್ಲಿ ನಡೆಯುತ್ತದೆ. ಶುಲ್ಕವಿಲ್ಲ, ವಕೀಲರೂ ಬೇಡ. ಅವರ ಆದೇಶಕ್ಕೆ ಕಂಪನಿ ತಲೆಬಾಗಬೇಕು. ನಿಮಗೆ ಒಪ್ಪಿಗೆಯಾಗದಿದ್ದರೆ ಮುಂದಿನ ದಾರಿ ತೆರೆದೇ ಇರುತ್ತದೆ.

ಇನ್ನೊಂದು ಬಾಗಿಲು ಹಾಸನದ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯಿದೆಯಂತೆ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಗಡುವು ಎರಡು ವರ್ಷ. ಕಟ್ಟಿದ ಕಂತು 5 ಲಕ್ಷ ಮೀರದಿದ್ದರೆ ಶುಲ್ಕವಿಲ್ಲ. ಆದರೆ ಇಲ್ಲಿ ದೂರು ನಡೆಯುತ್ತಿರುವಾಗ ಅದೇ ವಿಚಾರವನ್ನು ಓಂಬುಡ್ಸ್‌ಮನ್ ಕೈಗೆತ್ತಿಕೊಳ್ಳುವುದಿಲ್ಲ. ಯಾವ ಬಾಗಿಲು ತಟ್ಟಬೇಕೆಂದು ಮೊದಲೇ ಯೋಚಿಸಿ.

ಸಂಗಾತಿಗಳೇ, ಕಾನೂನು ಪುಸ್ತಕದಲ್ಲಿದ್ದರೆ ಬಡವನ ಬಿಲ್ಲು ತೀರುವುದಿಲ್ಲ. ಕಂಪನಿಯ ಕಾಗದ ಇಂಗ್ಲಿಷಿನಲ್ಲಿರುತ್ತದೆ. ಓದಲಾರದವನು ಅದನ್ನು ತೀರ್ಪೆಂದೇ ತಿಳಿಯುತ್ತಾನೆ. ಅದು ತೀರ್ಪಲ್ಲ, ಎದುರು ಪಕ್ಷದ ವಾದ. ನಿಮ್ಮ ಊರಿನಲ್ಲಿ ಅಂಥ ಕಾಗದ ಬಂದ ಮನೆಗೆ ಈ ವಾರವೇ ಹೋಗಿ. ಅದರ ಮೇಲಿನ ತಾರೀಖು ನೋಡಿ, ಗಡುವು ಲೆಕ್ಕ ಹಾಕಿ, ಪಕ್ಕದಲ್ಲಿ ಕುಳಿತು ದೂರು ಬರೆದುಕೊಡಿ. ಕೇಳುವುದು ದಯೆಯಲ್ಲ, ಕಂತು ಕಟ್ಟಿ ಗಳಿಸಿದ ಹಕ್ಕು.