ಬಿಎಫ್‌ಸಿ ಈ ಸಲ ಪ್ಲೇ-ಆಫ್‌ಗೆ ಹೋಗುತ್ತಾ? ಸೀಸನ್ ಶುರುವಾಗೋ ಮೊದಲು ಒಂದು ಲೆಕ್ಕ

ಚೌತಿ ಹಬ್ಬ ಮುಗೀತು, ಕಡುಬು ಖಾಲಿಯಾಯ್ತು, ಮಳೆ ಮಾತ್ರ ಇನ್ನೂ ಬಿಟ್ಟಿಲ್ಲ. ಮಾವಳ್ಳಿಯ ನಮ್ಮ ಮನೆ ಅಟ್ಟದ ಮೇಲೆ ಕೂತು ರೆಕಾರ್ಡ್ ಮಾಡ್ತಾ ಇದ್ದೇನೆ, ಹಂಚಿನ ಮೇಲೆ ನೀರು ಬೀಳೋ ಸದ್ದು ಕೇಳಿಸಿದರೆ ಸ್ವಲ್ಪ ಸುಧಾರಿಸಿಕೊಳ್ಳಿ.

ಈ ಶನಿವಾರ, ಸೆಪ್ಟೆಂಬರ್ 14ಕ್ಕೆ, ಬೆಂಗಳೂರು ಎಫ್‌ಸಿ ತನ್ನ 2024-25ರ ಐಎಸ್‌ಎಲ್ ಸೀಸನ್ ಶುರು ಮಾಡುತ್ತೆ. ಕಂಠೀರವದಲ್ಲಿ ಮ್ಯಾಚ್, ಎದುರಾಳಿ ಈಸ್ಟ್ ಬೆಂಗಾಲ್. ಈ ವಾರ ನೀವು ಕಳಿಸಿದ ಮೆಸೇಜ್‌ಗಳಲ್ಲಿ ಹೆಚ್ಚಿನವು ಒಂದೇ ಪ್ರಶ್ನೆ: ‘ಈ ಸಲ ಪ್ಲೇ-ಆಫ್ ಇದೆಯಾ?’

ಉತ್ತರಕ್ಕಿಂತ ಮೊದಲು ಒಂದು ತಪ್ಪೊಪ್ಪಿಗೆ ಇದೆ.

ಕಳೆದ ವರ್ಷ ಇದೇ ಹೊತ್ತಿಗೆ, ಇದೇ ಮೈಕ್ ಮುಂದೆ ಕೂತು, ‘ಬಿಎಫ್‌ಸಿ ಟಾಪ್ ನಾಲ್ಕು ಗ್ಯಾರಂಟಿ, ಬರೆದಿಟ್ಕೊಳ್ಳಿ’ ಅಂದಿದ್ದೆ. ಅದಕ್ಕೆ ಕಾರಣವೂ ಇತ್ತು. 2023ರ ಮಾರ್ಚ್‌ನಲ್ಲಿ ತಂಡ ಫೈನಲ್ ಆಡಿ, ಪೆನಾಲ್ಟಿಯಲ್ಲಿ ಸೋತಿತ್ತು. ಆದರೆ 2023-24ರಲ್ಲಿ ಆಗಿದ್ದೆಂತ? 12 ತಂಡಗಳಲ್ಲಿ 10ನೇ ಸ್ಥಾನ. ಗೆದ್ದಿದ್ದು 5, ಡ್ರಾ 7, ಸೋತಿದ್ದು 10.

ಏಪ್ರಿಲ್‌ನಲ್ಲಿ ಒಬ್ಬ ಕೇಳುಗ ಮೆಸೇಜ್ ಮಾಡಿದ. ಕಾಲೇಜು ಹುಡುಗ. ‘ಅಣ್ಣಾ, ನಿಮ್ಮ ಮಾತು ನಂಬಿ ಬಿಎಫ್‌ಸಿ ಮೇಲೇ ದುಡ್ಡು ಹಾಕ್ತಾ ಹೋದೆ. ಪರೀಕ್ಷೆ ಫೀಸಿಗೆ ಇಟ್ಟ 4,000 ಹೋಯ್ತು’ ಅಂತ. ಯಾವುದೋ ಬೆಟ್ಟಿಂಗ್ ಆ್ಯಪ್. ಒಂದೊಂದು ಮ್ಯಾಚ್‌ಗೆ ಇನ್ನೂರು, ಮುನ್ನೂರು. ಬೈದಿರಲಿಲ್ಲ ಅವನು. ಬೈದಿದ್ದರೆ ಚೆನ್ನಾಗಿತ್ತು. ‘ಮನೇಲಿ ಹೇಳಿಲ್ಲ ಅಣ್ಣಾ’ ಅಂತ ಕೊನೇಲಿ ಬರೆದಿದ್ದ, ಅಷ್ಟೇ.

ನಾನು ಬಿಕಾಂ ಓದಿದವನು. ಲೆಕ್ಕ ತಾಳೆಯಾಗದೆ ಸಹಿ ಹಾಕಬೇಡ ಅಂತ ಮೂರು ವರ್ಷ ಕಲಿಸಿದರು. ಆದರೂ ಫುಟ್‌ಬಾಲ್ ಮಾತಾಡೋವಾಗ ‘ಗ್ಯಾರಂಟಿ’ ಅನ್ನೋ ಪದ ಬಾಯಿಂದ ಸಲೀಸಾಗಿ ಬಂತು. ಹಾಗಾಗಿ ಈ ಸಲ ಬರೀ ಅಭಿಪ್ರಾಯ ಬೇಡ. ಲೆಕ್ಕವನ್ನೇ ನಿಮ್ಮ ಮುಂದೆ ಇಡ್ತೇನೆ, ತಪ್ಪಿದ್ದರೆ ನೀವೇ ಹಿಡೀಬಹುದು.

ಮೊದಲು ನಿಯಮ. ಈ ಸಲ 13 ತಂಡ, ಕೋಲ್ಕತ್ತದ ಮೊಹಮ್ಮಡನ್ ಸ್ಪೋರ್ಟಿಂಗ್ ಹೊಸದಾಗಿ ಬಂದಿದೆ. ಪ್ರತಿ ತಂಡಕ್ಕೂ 24 ಮ್ಯಾಚ್. ಮೊದಲ ಎರಡು ಸ್ಥಾನದವರು ನೇರ ಸೆಮಿಫೈನಲ್‌ಗೆ. 3ರಿಂದ 6ರವರೆಗಿನ ನಾಲ್ಕು ತಂಡಗಳಿಗೆ ಒಂದೊಂದೇ ಮ್ಯಾಚಿನ ನಾಕೌಟ್: ಮೂರನೆಯವರಿಗೆ ಆರನೆಯವರು, ನಾಲ್ಕನೆಯವರಿಗೆ ಐದನೆಯವರು. ಮ್ಯಾಚ್ ನಡೆಯೋದು ಪಟ್ಟಿಯಲ್ಲಿ ಮೇಲಿರೋರ ಮೈದಾನದಲ್ಲಿ. ಅಂದರೆ ನಮ್ಮ ಪ್ರಶ್ನೆ ಇಷ್ಟು: ಬಿಎಫ್‌ಸಿ 13ರಲ್ಲಿ ಮೊದಲ ಆರರ ಒಳಗೆ ಬರುತ್ತಾ?

ಅದಕ್ಕೆ ಎಷ್ಟು ಪಾಯಿಂಟ್ ಬೇಕು? ಆರು ತಂಡಗಳ ಪ್ಲೇ-ಆಫ್ ಪದ್ಧತಿ ಬಂದು ಎರಡು ಸೀಸನ್ ಆಗಿದೆ. 2022-23ರಲ್ಲಿ ಆರನೇ ಸ್ಥಾನದ ಒಡಿಶಾಗೆ 20 ಮ್ಯಾಚ್‌ನಲ್ಲಿ 30 ಪಾಯಿಂಟ್. ಅಂದರೆ ಮ್ಯಾಚ್‌ಗೆ ಒಂದೂವರೆ. 2023-24ರಲ್ಲಿ ಆರನೇ ಸ್ಥಾನದ ಚೆನ್ನೈಯಿನ್‌ಗೆ 22 ಮ್ಯಾಚ್‌ನಲ್ಲಿ 27. ಮ್ಯಾಚ್‌ಗೆ ಸುಮಾರು 1.23. ಈ ಎರಡು ದರವನ್ನ 24 ಮ್ಯಾಚ್‌ಗೆ ಹಾಕಿ ನೋಡಿ. ಕಡಿಮೆ ದರದಲ್ಲಿ ಸುಮಾರು 30, ಹೆಚ್ಚಿನ ದರದಲ್ಲಿ 36. ಹಾಗಾಗಿ 30 ಅಂದರೆ ಉಸಿರು ಬಿಗಿಹಿಡಿದು ಕೂರಬೇಕು, 36 ಅಂದರೆ ಆರಾಮಾಗಿ ನಿದ್ದೆ ಮಾಡಬಹುದು. ನಡುವಿನ 33ನ್ನ ನಾವು ಗುರಿ ಅಂತ ಇಟ್ಟುಕೊಳ್ಳೋಣ.

ಈಗ ಬಿಎಫ್‌ಸಿಯ ಓಪನಿಂಗ್ ಬ್ಯಾಲೆನ್ಸ್. ಕಳೆದ ಸಲ 22 ಮ್ಯಾಚ್‌ಗೆ 22 ಪಾಯಿಂಟ್. ಅದೇ ಆಟ ಆಡಿದರೆ ಈ ಸಲ 24 ಬರುತ್ತೆ. 33ಕ್ಕೆ 9 ಕಡಿಮೆ.

ಒಂಬತ್ತು ಪಾಯಿಂಟ್ ಕೇಳೋಕೆ ದೊಡ್ಡದಾಗಿ ಕಾಣುತ್ತೆ. ಬಿಡಿಸಿ ನೋಡಿದರೆ ಅಷ್ಟು ಭಯ ಇಲ್ಲ. ಡ್ರಾ ಆಗೋ ಮೂರು ಮ್ಯಾಚ್ ಗೆದ್ದರೆ 6 ಪಾಯಿಂಟ್ ಹೆಚ್ಚು. ಸೋಲೋ ಮೂರು ಮ್ಯಾಚ್ ಡ್ರಾ ಮಾಡಿಕೊಂಡರೆ ಇನ್ನೂ 3. ಇಡೀ ಸೀಸನ್‌ನಲ್ಲಿ ಆರು ಮ್ಯಾಚ್‌ಗಳ ಫಲಿತಾಂಶ ಒಂದೊಂದು ಮೆಟ್ಟಿಲು ಮೇಲೆ ಹೋದರೆ ಸಾಕು.

ಆ ಆರು ಮೆಟ್ಟಿಲು ಎಲ್ಲಿಂದ ಬರಬೇಕು? ಕಳೆದ ಸಲ ಬಿಎಫ್‌ಸಿ ಹೊಡೆದ ಗೋಲು 20, ಬಿಟ್ಟುಕೊಟ್ಟಿದ್ದು 34. ಮ್ಯಾಚ್‌ಗೆ ಸರಾಸರಿ ಒಂದು ಗೋಲೂ ಇಲ್ಲ, ಕೊಟ್ಟಿದ್ದು ಮಾತ್ರ ಒಂದೂವರೆ. ಆದಾಯಕ್ಕಿಂತ ಖರ್ಚು ಜಾಸ್ತಿ ಇರೋ ಅಂಗಡಿ ಥರ. ಅಂಥ ಅಂಗಡಿ ಉಳೀಬೇಕಂದ್ರೆ ಎರಡೂ ಕಡೆ ರಿಪೇರಿ ಬೇಕು.

ಕ್ಲಬ್ ಆ ರಿಪೇರಿ ಮಾಡಿದೆ ಅಂತಲೇ ನನಗೆ ಅನಿಸುತ್ತೆ. ಡಿಫೆನ್ಸ್‌ಗೆ ರಾಹುಲ್ ಭೇಕೆ ವಾಪಸ್ ಬಂದಿದ್ದಾರೆ. 2019ರ ಮಾರ್ಚ್ 17ರ ಫೈನಲ್ ನೆನಪಿದೆಯಲ್ಲ? ಗೋವಾ ವಿರುದ್ಧ ಹೆಚ್ಚುವರಿ ಸಮಯದಲ್ಲಿ ಹೆಡರ್ ಹೊಡೆದು ನಮಗೆ ಕಪ್ ಕೊಟ್ಟವರು ಅವರೇ. ಆಮೇಲೆ ಮುಂಬೈ ಸಿಟಿಗೆ ಹೋಗಿ ಕ್ಯಾಪ್ಟನ್ ಆಗಿ, ಈ ಮೇ ತಿಂಗಳಲ್ಲಿ ಐಎಸ್‌ಎಲ್ ಕಪ್ ಎತ್ತಿ ಬಂದಿದ್ದಾರೆ. ಮುಂದೆ ಗೋಲು ಹೊಡೆಯೋಕೆ ಅದೇ ಮುಂಬೈಯಿಂದ ಹೋರ್ಹೆ ಪೆರೇರಾ ಡಿಯಾಜ್. ಮೇ ತಿಂಗಳ ಫೈನಲ್‌ನಲ್ಲೂ ಗೋಲು ಹೊಡೆದವರು. ಮಿಡ್‌ಫೀಲ್ಡ್‌ಗೆ ಆಲ್ಬರ್ಟೊ ನೊಗೇರಾ, ಪೆಡ್ರೊ ಕಾಪೊ. ಮುಂದಿನ ಸಾಲಿಗೆ ಸ್ಪೇನ್‌ನ ಎಡ್ಗರ್ ಮೆಂಡೆಸ್. ಕೋಚ್ ಹೆರಾರ್ಡ್ ಸರಗೋಸಾ ಕಳೆದ ಡಿಸೆಂಬರ್‌ನಲ್ಲಿ, ಸೈಮನ್ ಗ್ರೇಸನ್ ಹೋದ ಮೇಲೆ, ಅರ್ಧ ಸೀಸನ್‌ನಲ್ಲಿ ಬಂದವರು. ಆಗ ಸಿಕ್ಕಿದ ತಂಡವನ್ನೇ ಆಡಿಸಬೇಕಿತ್ತು. ಈ ಸಲ ಸೀಸನ್‌ಗೆ ಮೊದಲಿನ ತಯಾರಿಯೆಲ್ಲ ಅವರದ್ದೇ.

ಇದು ಜಮಾ. ಇನ್ನು ಖರ್ಚಿನ ಕಡೆ.

ಅಲ್ಲಿ ಮೊದಲು ಬರೋದು ವಯಸ್ಸು. ಸುನಿಲ್ ಛೆಟ್ರಿಗೆ ಆಗಸ್ಟ್ 3ಕ್ಕೆ 40 ತುಂಬಿತು. ಡಿಯಾಜ್, ನೊಗೇರಾ, ಮೆಂಡೆಸ್ ಮೂವರಿಗೂ 34. ಭೇಕೆಗೆ 33. ಅಕೌಂಟ್ಸ್‌ನಲ್ಲಿ ಡಿಪ್ರಿಸಿಯೇಶನ್ ಅಂತೀವಲ್ಲ, ಹಾಗೆ. ಹಳೇ ಬೋಟ್ ಕೆಟ್ಟ ಬೋಟ್ ಅಲ್ಲ. ಅದಕ್ಕೆ ಕಡಲು ಗೊತ್ತಿರುತ್ತೆ. ಆದರೆ ಎಂಜಿನ್ ಯಾವ ದಿನ ಕೈಕೊಡುತ್ತೆ ಅಂತ ಹೇಳೋಕಾಗಲ್ಲ. 24 ಮ್ಯಾಚ್‌ನ ಸೀಸನ್‌ನಲ್ಲಿ ಇವರಲ್ಲಿ ಇಬ್ಬರು ಒಟ್ಟಿಗೆ ಗಾಯಗೊಂಡರೆ ನನ್ನ ಲೆಕ್ಕ ಪೂರ್ತಿ ತಲೆಕೆಳಗಾಗುತ್ತೆ.

ಛೆಟ್ರಿ ಬಗ್ಗೆ ಒಂದು ಮಾತು. ಜೂನ್ 6ಕ್ಕೆ ಕೋಲ್ಕತ್ತದಲ್ಲಿ ಕುವೈತ್ ವಿರುದ್ಧ ಆಡಿ ಅವರು ಭಾರತ ತಂಡಕ್ಕೆ ವಿದಾಯ ಹೇಳಿದರು. ಅಲ್ಲಿವರೆಗೆ ದೇಶಕ್ಕಾಗಿ 94 ಗೋಲು. ಸೀಸನ್ ಶುರುವಾಗೋ ಈ ಹೊತ್ತಿಗೆ ಅವರ ಆಟವೆಲ್ಲ ಬಿಎಫ್‌ಸಿಗೇ. ಇದು ಲಾಭವೂ ಆಗಬಹುದು. ಆದರೆ ಪ್ರತಿ ಮ್ಯಾಚ್ 90 ನಿಮಿಷ ಅವರೇ ಆಡಬೇಕು ಅನ್ನೋ ಹಾಗಾದರೆ ತಂಡ ಕಷ್ಟದಲ್ಲಿದೆ ಅಂತ ಅರ್ಥ. ವಿನಿತ್ ವೆಂಕಟೇಶ್ ಥರದ ಹುಡುಗರಿಗೆ ಎಷ್ಟು ನಿಮಿಷ ಸಿಗುತ್ತೆ ಅಂತ ಗಮನಿಸ್ತಾ ಇರಿ.

ಡ್ಯುರಾಂಡ್ ಕಪ್‌ನಲ್ಲಿ ಈ ಎರಡೂ ಮುಖ ಕಂಡಿತು. ಕ್ವಾರ್ಟರ್‌ಫೈನಲ್‌ನಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧ ಕೊನೇ ಗಳಿಗೆಯಲ್ಲಿ ಡಿಯಾಜ್ ಗೋಲು, 1-0. ಆಹಾ ಅಂದುಕೊಂಡೆವು. ಆಗಸ್ಟ್ 27ರ ಸೆಮಿಫೈನಲ್‌ನಲ್ಲಿ, ಕೋಲ್ಕತ್ತದಲ್ಲಿ, ಮೋಹನ್ ಬಾಗಾನ್ ಮೇಲೆ 2-0 ಮುಂದಿದ್ದೆವು. ಒಂದು ಛೆಟ್ರಿ ಪೆನಾಲ್ಟಿ, ಇನ್ನೊಂದು ವಿನಿತ್. ಆಮೇಲೆ 2-2 ಆಯ್ತು, ಪೆನಾಲ್ಟಿಯಲ್ಲಿ ಸೋತೆವು. ಮುನ್ನಡೆ ಪಡೆಯೋದು ಗೊತ್ತು, ಹಿಡಿದಿಟ್ಟುಕೊಳ್ಳೋದು ಇನ್ನೂ ಗೊತ್ತಾಗಿಲ್ಲ.

ಮತ್ತೆ ಬೇರೆ ತಂಡಗಳು ಸುಮ್ಮನೆ ಕೂತಿಲ್ಲ. ಕಳೆದ ಸಲದ ಮೊದಲ ನಾಲ್ವರು, ಅಂದರೆ ಮೋಹನ್ ಬಾಗಾನ್, ಮುಂಬೈ, ಗೋವಾ, ಒಡಿಶಾ, ಈ ಸಲವೂ ಮೇಲೇ ಇರ್ತಾರೆ ಅಂತ ಇಟ್ಟುಕೊಳ್ಳಿ. ಉಳಿದಿದ್ದು ಎರಡು ಸೀಟು. ಅದಕ್ಕೆ ಕರ್ಚೀಫ್ ಹಾಕೋಕೆ ನಿಂತಿರೋರು ಯಾರ್ಯಾರು? ಕೇರಳ, ಚೆನ್ನೈಯಿನ್, ಮೊನ್ನೆ ಆಗಸ್ಟ್ 31ಕ್ಕೆ ಡ್ಯುರಾಂಡ್ ಗೆದ್ದ ನಾರ್ತ್‌ಈಸ್ಟ್, ಕಳೆದ ಸೀಸನ್‌ನ ಗೋಲ್ಡನ್ ಬೂಟ್ ಡಯಮಂಟಕೋಸ್‌ರನ್ನ ಕರ್ಕೊಂಡು ಬಂದಿರೋ ಈಸ್ಟ್ ಬೆಂಗಾಲ್, ಮತ್ತೆ ನಾವು. ಪಂಜಾಬ್, ಜೆಮ್‌ಶೆಡ್‌ಪುರವನ್ನೂ ಬಿಟ್ಟುಬಿಡೋ ಹಾಗಿಲ್ಲ.

ಹಾಗಾದರೆ ನನ್ನ ಉತ್ತರ? ಹತ್ತಕ್ಕೆ ಆರು. ಇದೇ ಸೀಸನ್‌ನ ಹತ್ತು ಸಲ ಆಡಿಸಿದರೆ ಆರು ಸಲ ಬಿಎಫ್‌ಸಿ ಮೊದಲ ಆರರೊಳಗೆ ಬರಬಹುದು, ನಾಲ್ಕು ಸಲ ಬರಲಿಕ್ಕಿಲ್ಲ. ಈ ಆರು ಅನ್ನೋದು ಯಂತ್ರ ಕೊಟ್ಟ ಸಂಖ್ಯೆ ಅಲ್ಲ, ಮೇಲಿನ ಜಮಾ-ಖರ್ಚು ನೋಡಿ ನಾನು ಹಾಕಿದ ಅಂದಾಜು. ‘ಇದೆಂತ ಮಾರಾಯ, ಹೌದು ಅಂತ ಹೇಳು, ಇಲ್ಲ ಅಂತ ಹೇಳು’ ಅಂತೀರೇನೋ. ಆದರೆ ಆ ನಾಲ್ಕನ್ನ ಬಚ್ಚಿಟ್ಟು ಹೇಳಿದ್ದೇ ನಾನು ಹೋದ ವರ್ಷ ಮಾಡಿದ ತಪ್ಪು.

ಇನ್ನು, ಸೀಸನ್ ಶುರುವಾದ ಮೇಲೆ ಈ ಲೆಕ್ಕವನ್ನ ಹೇಗೆ ತಿದ್ದಬೇಕು? ಮೊದಲ ಮೂರು ಮ್ಯಾಚೂ ಕಂಠೀರವದಲ್ಲೇ ಇವೆ: ಈಸ್ಟ್ ಬೆಂಗಾಲ್, ಹೈದರಾಬಾದ್, ಮೋಹನ್ ಬಾಗಾನ್. ಈಸ್ಟ್ ಬೆಂಗಾಲ್‌ನ ಕೋಚ್ ಯಾರು ಗೊತ್ತಲ್ಲ, 2019ರಲ್ಲಿ ನಮಗೆ ಕಪ್ ಗೆಲ್ಲಿಸಿದ ಕಾರ್ಲೆಸ್ ಕ್ವಾಡ್ರಾಟ್. ಈ ಮೂರರಲ್ಲಿ 6 ಅಥವಾ ಹೆಚ್ಚು ಪಾಯಿಂಟ್ ಬಂದರೆ ನನ್ನ ಹತ್ತಕ್ಕೆ ಆರು, ಹತ್ತಕ್ಕೆ ಏಳಾಗುತ್ತೆ. 3 ಅಥವಾ ಅದಕ್ಕಿಂತ ಕಡಿಮೆ ಬಂದರೆ ಐದಕ್ಕೆ ಇಳಿಯುತ್ತೆ. ಅದಕ್ಕಿಂತ ಹೆಚ್ಚು ಇಳಿಸಲ್ಲ, ಯಾಕಂದ್ರೆ 2022-23ರಲ್ಲಿ ಇದೇ ತಂಡ ಸೀಸನ್ ಅರ್ಧದಲ್ಲಿ ಪಟ್ಟಿಯ ಕೆಳಗೆ ಬಿದ್ದಿತ್ತು. ಆಮೇಲೆ ಲೀಗ್‌ನ ಕೊನೇ ಎಂಟೂ ಮ್ಯಾಚ್ ಗೆದ್ದು ನಾಲ್ಕನೇ ಸ್ಥಾನಕ್ಕೆ ಬಂತು, ಫೈನಲ್‌ಗೂ ಹೋಯ್ತು. ಮೀನುಗಾರಿಕೆ ನಿಷೇಧ ಮುಗಿದು ಆಗಸ್ಟ್‌ನಲ್ಲಿ ಬೋಟ್ ಇಳಿದಾಗ ಮೊದಲ ಟ್ರಿಪ್ ನೋಡಿ ಯಾರೂ ವರ್ಷದ ಲೆಕ್ಕ ಬರೆಯಲ್ಲ, ಹಾಗೆಯೇ ಇದೂ. ನಿಜವಾದ ಪರೀಕ್ಷೆ 12 ಮ್ಯಾಚ್ ಆದ ಮೇಲೆ. ಅಷ್ಟೊತ್ತಿಗೆ 16 ಪಾಯಿಂಟ್ ಕೈಯಲ್ಲಿದ್ದರೆ ನಾವು ದಾರಿಯಲ್ಲಿದ್ದೇವೆ.

ಕೆಲವರು ಕೇಳ್ತೀರಿ, ಭಟ್ಕಳ, ಹೊನ್ನಾವರ, ಕುಮಟಾದವರಿಗೆ ಮಡಗಾಂವ್ ಹತ್ತಿರ, ಗೋವಾ ತಂಡಕ್ಕೇ ಕೂಗಬಾರದಾ ಅಂತ. ಕೂಗಿ, ಯಾರು ಬೇಡ ಅಂದರು? ಫತೋರ್ಡಾದಲ್ಲಿ ಆಟ ನೋಡೋದೇ ಒಂದು ಖುಷಿ. ಆದರೆ ನಮ್ಮೂರ ಸ್ಟೇಷನ್‌ನಿಂದ ಬೆಂಗಳೂರಿಗೂ ರೈಲಿದೆ. ಬಿಎಫ್‌ಸಿ ಮೂರು ಅಥವಾ ನಾಲ್ಕನೇ ಸ್ಥಾನಕ್ಕೆ ಬಂದರೆ ನಾಕೌಟ್ ಕಂಠೀರವದಲ್ಲೇ ನಡೆಯುತ್ತೆ. ನಾನಂತೂ ಟಿಕೆಟ್‌ಗೆ ಅಂತ ತಿಂಗಳಿಗೆ 200 ರೂಪಾಯಿ ಎತ್ತಿಡ್ತಾ ಇದ್ದೇನೆ. ತಂಡ ಹೋಗದಿದ್ದರೆ ಆ ದುಡ್ಡು ಕಿಸೆಯಲ್ಲೇ ಇರುತ್ತೆ, ಎಲ್ಲೂ ಹೋಗಲ್ಲ.

ಆ ಹುಡುಗನಿಗೂ, ಅವನ ಹಾಗೆ ಕೇಳ್ತಿರೋ ಉಳಿದವರಿಗೂ ಇಷ್ಟೇ ಹೇಳ್ತೇನೆ. ಹತ್ತಕ್ಕೆ ಆರು ಅನ್ನೋದು ಮ್ಯಾಚ್ ನೋಡೋಕೆ ಒಳ್ಳೇ ಸಂಖ್ಯೆ. ದುಡ್ಡು ಹಾಕೋಕೆ ಕೆಟ್ಟ ಸಂಖ್ಯೆ. ನನ್ನ ಮಾತು ಕೇಳಿ ಯಾವ ಆ್ಯಪ್‌ಗೂ ಒಂದು ರೂಪಾಯಿ ಹಾಕಬೇಡಿ. ಮತ್ತೆ ತಮ್ಮಾ, ಮನೇಲಿ ಇನ್ನೂ ಹೇಳಿರದಿದ್ದರೆ ಹೇಳಿಬಿಡು. ಬೈತಾರೆ, ಆಮೇಲೆ ಊಟಕ್ಕೆ ಕರೀತಾರೆ.

ಮೂರು ಮ್ಯಾಚ್ ಮುಗಿದ ಮೇಲೆ ಇದೇ ಲೆಕ್ಕದ ಪುಸ್ತಕ ಮತ್ತೆ ತೆಗೆಯೋಣ. ಅಲ್ಲಿವರೆಗೆ ನಿಮ್ಮ ಅಂದಾಜು ಹತ್ತಕ್ಕೆ ಎಷ್ಟು, ಯಾಕೆ ಅಂತ ವಾಯ್ಸ್ ನೋಟ್ ಕಳಿಸಿ. ‘ಗ್ಯಾರಂಟಿ’ ಅಂದವರ ವಾಯ್ಸ್ ನೋಟ್ ಮಾತ್ರ ಹಾಕಲ್ಲ. ಶನಿವಾರ ಮ್ಯಾಚ್ ನೋಡಿ, ಕರೆಂಟ್ ಹೋಗೋ ಮೊದಲೇ ಫೋನ್ ಚಾರ್ಜ್ ಮಾಡಿಟ್ಟುಕೊಳ್ಳಿ. ಬರ್ತೇನೆ, ನಮಸ್ಕಾರ.