ಎರಡು ಟರ್ಬೋ ಇದ್ರೂ ಪಿಕಪ್ ಇಲ್ಲ: ಬಿಲ್ ಕಟ್ಟೋ ಮೊದ್ಲು ಇಷ್ಟು ನೋಡ್ರಿ

ಕುಳಗೇರಿ ಕ್ರಾಸ್‌ನಿಂದ ಮಾತಾಡಾಕತ್ತೀನಿ. ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯಲ್ಲಿ ನರಗುಂದ ದಾಟಿ ಕೆರೂರ ಕಡೆ ಹೊಂಟ್ರೆ, ಬಾದಾಮಿಗೆ ತಿರುಗೋ ಜಾಗ ಇದು. ನಾನು ಇಲ್ಲಿ ಡೀಸೆಲ್ ಗಾಡಿಗಳ ಕೆಲಸ ಮಾಡ್ತೀನಿ. ಇವತ್ತಿನ ವಿಷಯ ಒಂದೇ: "ಅಣ್ಣಾ, ಪಿಕಪ್ ಬರವಲ್ದು."

ಇದು ಬರೀ ಸ್ಪೀಡಿನ ಶೋಕಿ ಅಲ್ಲ. ಕಬ್ಬಿನ ಹಂಗಾಮಿನಾಗ ನಮ್ಮ ರೋಡಿನ ಮ್ಯಾಲೆ ಎರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್ ಸಾಲುಸಾಲು. ಅದನ್ನು ಹಿಂದಿಕ್ಕಾಕ ಹೋಗಿ, ಅರ್ಧ ದಾಟಿದ ಮ್ಯಾಲೆ ಬೂಸ್ಟ್ ಬಿದ್ದು ಕಾರು ಲಿಂಪ್ ಮೋಡಿಗೆ ಹೋದ್ರೆ, ಎದುರಿಗೆ ಬರೋ ಬಸ್ಸು ನಿಮ್ಮ ಸ್ಕ್ಯಾನರ್ ಕೇಳಂಗಿಲ್ಲ. ಎಂಜಿನ್ ಲೈಟ್ ಬಂದು, ಎಳೆತ ಬಿದ್ದು, ಆಫ್ ಮಾಡಿ ಆನ್ ಮಾಡಿದ ಕೂಡ್ಲೇ ಸರಿಹೋದ್ರೆ ಅದು ಸರಿಹೋಗಿಲ್ಲ. ಆ ಗಾಡಿ ತಗೊಂಡು ಓವರ್‌ಟೇಕ್ ಮಾಡಬ್ಯಾಡ್ರಿ.

ಮೊದ್ಲು ನಿಮ್ಮ ಕಾರಿನಾಗ ಖರೇನ ಎರಡು ಟರ್ಬೋ ಅದಾವೇನು ನೋಡ್ರಿ. ಬಿಎಂಡಬ್ಲ್ಯೂ ಗಾಡಿಗಳ ಮ್ಯಾಲೆ 'ಟ್ವಿನ್‌ಪವರ್ ಟರ್ಬೋ' ಅಂತ ಇರ್ತೈತಿ. ಅದು ಕಂಪನಿ ಇಟ್ಟ ಹೆಸರು. ಅವರ ಎಷ್ಟೋ ಎಂಜಿನ್‌ಗಳಲ್ಲಿ ಇರೋದು ಒಂದೇ ಟರ್ಬೋ. ಎಂಜಿ ಗ್ಲಾಸ್ಟರ್ ಡೀಸೆಲ್‌ನಲ್ಲಿ 4-ವೀಲ್ ಡ್ರೈವ್ ಮಾಡೆಲಿಗೆ ಎರಡು ಟರ್ಬೋ, 2-ವೀಲ್ ಡ್ರೈವ್ ಮಾಡೆಲಿಗೆ ಒಂದು. ಗಾಡಿ ನೋಡಾಕ ಎರಡೂ ಒಂದೇ ಥರ.

ಎರಡು ಟರ್ಬೋ ಅಂದ್ರೆ ಎರಡೂ ಒಂದೇ ಕೆಲಸ ಮಾಡ್ತಾವ ಅಂತಲ್ಲ. ವಿ6 ಪೆಟ್ರೋಲ್ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ ಒಂದೊಂದು ಬದಿಗೆ ಒಂದೊಂದು. ನಮ್ಮ ಕಡೆ ಬರೋ 4 ಸಿಲಿಂಡರ್ ಡೀಸೆಲ್‌ಗಳಲ್ಲಿ ಒಂದು ಸಣ್ಣದು, ಒಂದು ದೊಡ್ಡದು. ಸಣ್ಣದಕ್ಕೆ ಸ್ವಲ್ಪ ಹೊಗೆ ಸಾಕು, ಬೇಗ ತಿರುಗುತ್ತದೆ. ಹಂಗಾಗಿ ಕಡಿಮೆ ಆರ್‌ಪಿಎಂನಲ್ಲಿ ಎಳೆಯೋದು ಅದು. ಆರ್‌ಪಿಎಂ ಏರಿದಂಗ ನಡುವಿನ ಒಂದು ಫ್ಲ್ಯಾಪ್ ತೆರೆದು, ಹೊಗೆಯನ್ನ ದೊಡ್ಡದರ ಕಡೆ ಬಿಡ್ತೈತಿ. ಕೆರಿ ಕಾಲುವೆಯ ಗೇಟ್ ಇದ್ದಂಗ ಅಂದ್ಕೋರಿ.

ಇದು ತಿಳಿದ್ರೆ ಅರ್ಧ ಡಯಾಗ್ನೋಸಿಸ್ ಸೀಟಿನ್ಯಾಗ ಕುಂತೇ ಆಗ್ತೈತಿ. ಗಾಡಿ ಯಾವ ಆರ್‌ಪಿಎಂನಾಗ ಸಾಯ್ತೈತಿ? 2000ದ ಕೆಳಗೆ ಜೀವ ಇಲ್ಲ, ಆಮೇಲೆ ಒಮ್ಮೆಲೇ ಜಿಗೀತೈತಿ ಅಂದ್ರೆ ಸಣ್ಣ ಟರ್ಬೋಗೆ ಹೊಗೆ ಸಿಗ್ತಿಲ್ಲ. ಫ್ಲ್ಯಾಪ್ ತೆರೆದೇ ಕುಂತಿರಬಹುದು. ಕೆಳಗೆ ಚೊಲೋ ಎಳೆದು 3000ದ ಹತ್ರ ಗೋಡಿಗೆ ಹಾಯ್ದಂಗ ಆದ್ರೆ, ಫ್ಲ್ಯಾಪ್ ತೆರೀತಿಲ್ಲ ಅಥವಾ ದೊಡ್ಡದರ ಕಡೆ ತೊಂದರೆ. ಉದ್ದಕ್ಕೂ ಸಪ್ಪೆ, ಹಿಂದೆ ಕರೀ ಹೊಗೆ, ಬಾನೆಟ್ ಒಳಗೆ ಸುಸ್ ಅನ್ನೋ ಸದ್ದು ಅಂದ್ರೆ ಎರಡೂ ಟರ್ಬೋ ಆದ ಮೇಲಿನ ಪೈಪಿನಾಗ, ಇಂಟರ್‌ಕೂಲರಿನಾಗ ಗಾಳಿ ಸೋರ್ತಿರಬಹುದು. ಆರ್‌ಪಿಎಂ ನಂಬರ್ ಗಾಡಿಯಿಂದ ಗಾಡಿಗೆ ಬದಲಾಗ್ತೈತಿ, ಲೆಕ್ಕ ಬದಲಾಗಲ್ಲ.

ಒಂದು ಗಾಡಿ ಕಥಿ ಹೇಳ್ತೀನಿ. ಬಾದಾಮಿ, ಪಟ್ಟದಕಲ್ಲು, ಐಹೊಳೆಗೆ ಟೂರಿಸ್ಟ್ ಕರ್ಕೊಂಡು ಹೋಗೋ ಹುಡುಗ. ಫೈನಾನ್ಸ್ ಮಾಡಿ ಸೆಕೆಂಡ್ ಹ್ಯಾಂಡ್ ಗಾಡಿ ತಗೊಂಡಾನ.

"ಅಣ್ಣಾರ, ಎರಡೂ ಟರ್ಬೋ ಹೋಗ್ಯಾವ ಅಂದಾರ್ರಿ. ಎರಡೂ ಹೊಸಾವು ಹಾಕಬೇಕಂತ."

"ಬಿಚ್ಚಿ ನೋಡಿ ಹೇಳಿದ್ರೇನೋ ತಮ್ಮಾ?"

"ಇಲ್ರಿ. ಕಂಪ್ಯೂಟರ್ ಹಚ್ಚಿದ್ರು, ಕೋಡ್ ಬಂತು."

ಕೋಡ್ ಏನು? ಪಿ 0299. ಅದರ ಅರ್ಥ 'ಬೇಕಾದಷ್ಟು ಬೂಸ್ಟ್ ಬರ್ತಿಲ್ಲ' ಅಂತ, ಅಷ್ಟೇ. ಯಾಕೆ ಬರ್ತಿಲ್ಲ ಅನ್ನೋದು ಅದರಾಗ ಇಲ್ಲ. ಜ್ವರ ಐತಿ ಅಂತ ಥರ್ಮಾಮೀಟರ್ ಹೇಳಿದ ಕೂಡ್ಲೇ ಆಪರೇಷನ್ನಿಗೆ ಡೇಟ್ ಕೊಟ್ಟಂಗಾತು. ಆ ಅಂದಾಜು ಬಿಲ್ಲಿನ ಸಾಲದಾಗ ಅವನ ಮನೀ ಒಂದು ವರ್ಷ ನಡೀತಿತ್ತು. ಅವನ ಗಾಡಿ ಸಾಯ್ತಿದ್ದುದು ಕೆಳಗಿನ ಆರ್‌ಪಿಎಂನಾಗ. ಅದರಾಗ ವ್ಯಾಕ್ಯೂಮ್ ಎಳೆದ್ರೆ ಮಾತ್ರ ಫ್ಲ್ಯಾಪ್ ಮುಚ್ಚುತ್ತದೆ. ಕೈ ಪಂಪ್ ಹಚ್ಚಿ ಎಳೆದ್ವಿ, ಮುಳ್ಳು ನಿಲ್ಲಲಿಲ್ಲ, ಇಳೀತಾ ಬಂತು. ಪೆನ್ಸಿಲ್ ದಪ್ಪದ ರಬ್ಬರ್ ಪೈಪು ಕಾವಿಗೆ ಬಿರಿದು ಸೀಳಿತ್ತು. ಪೈಪ್ ಬದಲಾಯಿಸಿ ಮತ್ತೆ ಪಂಪ್ ಹಚ್ಚಿದ್ವಿ: ಮುಳ್ಳು ನಿಂತಿತು, ಫ್ಲ್ಯಾಪಿನ ರಾಡ್ ಸಲೀಸಾಗಿ ಆಡಿತು. ಎರಡೂ ಟರ್ಬೋ ಇನ್ನೂ ಅವೇ ಅದಾವ.

ಈಗ ನಿಮ್ಮ ಮೊಬೈಲಿಗೆ ಬರೋಣ. ಸ್ಟೇರಿಂಗ್ ಕೆಳಗಿನ ಓಬಿಡಿ ಪೋರ್ಟಿಗೆ ಬ್ಲೂಟೂತ್ ಡಾಂಗಲ್ ಚುಚ್ಚಿ, ಆ್ಯಪಿನಾಗ ಮ್ಯಾಪ್ ಸೆನ್ಸರ್ ರೀಡಿಂಗ್ ತೆಗೀರಿ. ಇದು ಗೂಗಲ್ ಮ್ಯಾಪ್ ಅಲ್ಲ ಮತ್ತ, ಎಂಜಿನ್ ಒಳಗೆ ಹೋಗೋ ಗಾಳಿಯ ಒತ್ತಡ. ಎಂಜಿನ್ ಬಂದ್, ಕೀ ಆನ್: ಬಾದಾಮಿ ಕಡೆ ಸುಮಾರು 95 ಕಿಲೋಪಾಸ್ಕಲ್ ಬರಬೇಕು. ಮಂಗಳೂರಿನಾಗ ಸುಮಾರು 101, ಯಾಕಂದ್ರೆ ಅದು ಸಮುದ್ರದ ಮಟ್ಟ. ಇದಕ್ಕಿಂತ ದೂರ ಇದ್ರೆ ಮೊದ್ಲು ಸೆನ್ಸರ್ ಮಸಿ ಹಿಡಿದೈತೇನು ನೋಡ್ರಿ. ಓಡುವಾಗ 200 ತೋರಿಸಿದ್ರೆ ಬೂಸ್ಟ್ 200 ಅಲ್ಲ. ಹೊರಗಿನ 95 ಕಳೀರಿ, 105. ಆಮೇಲೆ 'ಬೇಕಾದ ಬೂಸ್ಟ್' ಮತ್ತು 'ಬಂದ ಬೂಸ್ಟ್' ಎರಡನ್ನೂ ಒಟ್ಟಿಗೆ ನೋಡ್ರಿ. ಅಗ್ಗದ ಆ್ಯಪುಗಳು ಎಷ್ಟೋ ಗಾಡಿಗೆ ಮೊದಲನೇದನ್ನ ತೋರಿಸಂಗಿಲ್ಲ, ಅದಕ್ಕೆ ಗ್ಯಾರೇಜಿನ ಸ್ಕ್ಯಾನರೇ ಬೇಕು. ಫೋನ್ ನೋಡೋರು ಪಕ್ಕದ ಸೀಟಿನವರು. ಡ್ರೈವರ್ ಅಲ್ಲ.

ಸೋರಿಕೆ ಹುಡುಕಾಕ ಪಂಕ್ಚರ್ ಅಂಗಡಿ ಬುದ್ಧಿ ಸಾಕು. ಇನ್‌ಟೇಕ್ ಬಾಯಿ ಮುಚ್ಚಿ ಕಡಿಮೆ ಒತ್ತಡದ ಗಾಳಿ ಬಿಟ್ಟು, ಪೈಪಿನ ಜಾಯಿಂಟಿಗೆ ಸಬಕಾರದ ನೀರು ಹಚ್ಚಿದ್ರೆ ಗುಳ್ಳಿ ಏಳ್ತಾವ. ಇದನ್ನ ಗ್ಯಾರೇಜಿನಾಗ ಮಾಡಿಸ್ರಿ, ಗಾಳಿ ಜಾಸ್ತಿ ಆದ್ರೆ ಸೀಲ್ ಹೋಗ್ತಾವ. ಏರ್ ಫಿಲ್ಟರ್ ಮರೀಬ್ಯಾಡ್ರಿ. ಎರಿ ಹೊಲದ ಧೂಳಿನಾಗ ಓಡಿದ ಫಿಲ್ಟರ್ ತೆಗೆದು ಬಡಿದ್ರೆ ನಿಮಗೇ ಗೊತ್ತಾಗ್ತೈತಿ. ಇಜಿಆರ್ ವಾಲ್ವ್ ತೆರೆದೇ ಉಳಿದ್ರೂ, ಡಿಪಿಎಫ್ ಕಟ್ಟಿದ್ರೂ ಬೂಸ್ಟ್ ಬೀಳ್ತೈತಿ.

ಇಷ್ಟೆಲ್ಲ ಸರಿ ಇದ್ದ ಮ್ಯಾಲೆ ಟರ್ಬೋ ಮುಟ್ಟಬೇಕು. ಶಾಫ್ಟ್ ಅಡ್ಡಡ್ಡ ಚೂರು ಅಲುಗಾಡಿದ್ರೆ ಹೆದರಬ್ಯಾಡ್ರಿ. ಹಿಂದೆ-ಮುಂದೆ ಕೈಗೆ ಗೊತ್ತಾಗುವಷ್ಟು ಆಡಿದ್ರೆ, ರೆಕ್ಕಿ ಗೋಡಿಗೆ ಉಜ್ಜಿದ ಗುರುತಿದ್ರೆ, ನೀಲಿ ಹೊಗೆ ಜೊತೆ ಎಣ್ಣೆ ಕಡಿಮೆ ಆಗ್ತಿದ್ರೆ, ಆಗ ಹೋಗೈತಿ ಅಂತ ನಾನೂ ಹೇಳ್ತೀನಿ. ಪೈಪಿನಾಗ ತೆಳ್ಳಗೆ ಎಣ್ಣೆ ಜಿಡ್ಡು ಇದ್ದದ್ದಕ್ಕೇ ಟರ್ಬೋ ಬದಲಿಸ್ರಿ ಅಂದ್ರೆ ಒಪ್ಪಬ್ಯಾಡ್ರಿ, ಅದು ಇರೋದೇ. ಹೊಸದು ಹಾಕಲೇಬೇಕಾದ್ರೆ, ಹಳೇದು ಯಾಕೆ ಸತ್ತಿತು ಅಂತ ಕೇಳ್ರಿ. ಎಣ್ಣೆ ಬರೋ ಪೈಪ್ ಕಟ್ಟಿದ್ರೆ ಹೊಸದೂ ಅದೇ ದಾರಿ ಹಿಡೀತೈತಿ.

ನಿಮ್ಮ ಗಾಡಿ ಯಾವ ಆರ್‌ಪಿಎಂನಾಗ ಸಾಯ್ತೈತಿ ಅಂತ ಕಾಮೆಂಟಿನಾಗ ಬರೀರಿ. ಮುಂದಿನ ಸಂಚಿಕೆ ಡಿಪಿಎಫ್ ಬಗ್ಗೆ.